ಹಾಡಿಗೊಂದು ಹೆಸರು

ಮಗು ಹುಟ್ಟಿದರೆ ತೊಟ್ಟಿಲು ಕಟ್ಟಿ ಹೆಸರಿಡುತ್ತೇವೆ. ಹಾಡು ಹುಟ್ಟಿದರೆ ನಮ್ಮಲ್ಲಿ ಅಂಥ ಶಾಸ್ತ್ರವೇನೂ ಇಲ್ಲ. ಅದರ ಮೊದಲ ಮಾತೇ ಅದರ ಹೆಸರು. ಕೀರ್ತನೆಯನ್ನು ಪಲ್ಲವಿಯಿಂದ ಗುರುತಿಸುತ್ತೇವೆ, ಸಿನಿಮಾ ಹಾಡನ್ನು ಮೊದಲ ಸಾಲಿನಿಂದ. ದಾಸರೂ ಶರಣರೂ ತಮ್ಮ ಅಂಕಿತ ಹಾಕಿದರೇ ಹೊರತು ಮೇಲೊಂದು ತಲೆಬರಹ ಬರೆಯಲಿಲ್ಲ. ಕೀರ್ತನೆಗಳ ಸಂಪುಟದ ಕೊನೆಯಲ್ಲಿ ಅಕಾರಾದಿ ಇರುವುದೂ ಮೊದಲ ಸಾಲುಗಳದ್ದೇ. ಹೊಸಗನ್ನಡದ ಕವಿಗಳು ಹೆಸರಿಟ್ಟರೂ ಹಾಡುವವರು ಅದನ್ನು ಅಷ್ಟಾಗಿ ಲೆಕ್ಕಕ್ಕೆ ಇಟ್ಟುಕೊಂಡಿಲ್ಲ. ಕೆ.ಎಸ್. ನಿಸಾರ್ ಅಹಮದ್ ತಮ್ಮ ಕವಿತೆಯನ್ನು 'ನಿತ್ಯೋತ್ಸವ' ಎಂದು ಕರೆದರು. ಮಹಿಳಾ ಸಮಾಜದಲ್ಲಿ ಹಾಡಲು ಎದ್ದವಳು ಮಾತ್ರ "ಜೋಗದ ಸಿರಿ ಹೇಳ್ಲಾ?" ಎಂದೇ ಕೇಳುತ್ತಾಳೆ.

ಈ ಹೆಸರಿನ ವಿಚಾರ ನನ್ನ ತಲೆಗೆ ಹೊಕ್ಕಿದ್ದು ಅಣ್ಣನ ಮಗಳಿಂದ. ಅವಳು ಬಿಡುವಾದಾಗ ಕನ್ನಡ ವಿಕಿಪೀಡಿಯಕ್ಕೆ ಲೇಖನ ಬರೆಯುವವಳು. 2003ರಲ್ಲಿ ಶುರುವಾದ ಈ ವಿಶ್ವಕೋಶವನ್ನು ಯಾರಾದರೂ ಓದಬಹುದು, ಯಾರಾದರೂ ತಿದ್ದಬಹುದು. "ಅತ್ತೆ, ಪುಣ್ಯಕೋಟಿ ಹಾಡಿನ ಮೇಲೆ ಬರೆಯೋದಾದ್ರೆ ಮೇಲೆ ಏನು ಹೆಸರು ಕೊಡ್ತೀರಿ?" ಎಂದಳು. ನೀನೇ ಹೇಳಿದೆಯಲ್ಲ ಎಂದೆ. "ಪುಸ್ತಕದಲ್ಲಿ ಗೋವಿನ ಹಾಡು ಅಂತಿದೆ. ನನ್ನ ಗೆಳತಿಯರಿಗೆ ಧರಣಿ ಮಂಡಲ ಅಂದ್ರೇನೇ ಗೊತ್ತಾಗೋದು" ಎಂದಳು.

ಅಲ್ಲಿನ ಪದ್ಧತಿಯನ್ನೂ ಬಿಡಿಸಿ ಹೇಳಿದಳು. ಒಂದು ಲೇಖನಕ್ಕೆ ಒಂದೇ ತಲೆಬರಹ. ಹೆಚ್ಚು ಜನಕ್ಕೆ ಪರಿಚಯವಿರುವ ಹೆಸರನ್ನು ಆರಿಸಬೇಕು. ಅದೇ ಹೆಸರಿನ ಬೇರೊಂದು ಸಂಗತಿಯಿದ್ದರೆ ಆವರಣದಲ್ಲಿ ವಿವರ ಸೇರಿಸಬೇಕು. ಉಳಿದ ಹೆಸರುಗಳಿಂದ ಹುಡುಕಿದರೂ ಅದೇ ಪುಟಕ್ಕೆ ಬರುವಂತೆ ದಾರಿ ಮಾಡಬಹುದು. ಹಾಗಿದ್ದರೆ ಚರ್ಚೆ ಯಾಕೆ ಎಂದೆ. "ಬಾಗಿಲು ಎಷ್ಟಾದ್ರೂ ಇರಲಿ ಅತ್ತೆ, ಮನೆ ಮುಂದೆ ಹಲಗೆ ಒಂದೇ ಅಲ್ವಾ?"

ಆ ಹಲಗೆಯ ಮೇಲೆ ಏನಿರಬೇಕು? ಮೂರು ಹೆಸರನ್ನೂ ಒಂದೊಂದಾಗಿ ನೋಡಿದೆ.

'ಧರಣಿ ಮಂಡಲ' ಶಾಲೆಯ ಬೆಂಚಿನ ಹೆಸರು. ಆ ಎರಡು ಮಾತು ಕಿವಿಗೆ ಬಿದ್ದರೆ ಮುಂದಿನದು ರಾಗಸಮೇತ ತಾನಾಗಿ ಬರುತ್ತದೆ. ಯಾರ ಅಭಿಪ್ರಾಯವೂ ಅದರಲ್ಲಿ ಬೆರೆತಿಲ್ಲ. ಆದರೆ ಹಾಡನ್ನು ಕೇಳದೇ ಇದ್ದವರಿಗೆ ಅದರಿಂದ ಏನೂ ತಿಳಿಯದು. ಅದರಲ್ಲಿ ಭೂಮಿಯಿದೆ. ತಾಯಿಯಿಲ್ಲ, ಕರುವಿಲ್ಲ, ಹುಲಿಯಿಲ್ಲ.

'ಪುಣ್ಯಕೋಟಿ' ಎಲ್ಲರಿಗೂ ಗೊತ್ತು. ಈಗ ಅದು ಹಾಡಿನ ಹೆಸರಾಗಿ ಮಾತ್ರ ಉಳಿದಿಲ್ಲ. 2020ರಲ್ಲಿ ಈ ಕಥೆಯ ಮೇಲೆ ಬಂದ ಸಂಸ್ಕೃತದ ಅನಿಮೇಷನ್ ಚಿತ್ರಕ್ಕೆ ಅದೇ ಹೆಸರು. 2022ರಲ್ಲಿ ರಾಜ್ಯ ಸರ್ಕಾರ ಗೋಶಾಲೆಯ ಹಸುಗಳನ್ನು ದತ್ತು ಕೊಡುವ ಯೋಜನೆಗೂ ಅದನ್ನೇ ಇಟ್ಟಿತು. ಇದಕ್ಕೆಲ್ಲ ಆವರಣ ಚಿಹ್ನೆ ಸಾಕು. ನನ್ನ ತಕರಾರು ಬೇರೆ. ಈ ಹೆಸರು ಹಾಡು ಶುರುವಾಗುವ ಮೊದಲೇ ತೀರ್ಪು ಕೊಟ್ಟುಬಿಡುತ್ತದೆ. ಕೋಟಿ ಪುಣ್ಯದವಳು, ಕೊಟ್ಟ ಮಾತಿಗೆ ತಪ್ಪದವಳು ಎಂದು ಕೈಮುಗಿದು ಎದ್ದುಬಿಡುತ್ತೇವೆ. ಹೆಣ್ಣುಮಕ್ಕಳಿಗೆ ಬುದ್ಧಿ ಹೇಳುವುದಕ್ಕೂ ಇದು ಅನುಕೂಲವಾಗಿದೆ: ಪುಣ್ಯಕೋಟಿಯ ಹಾಗೆ ಇರಬೇಕಮ್ಮ!

ಆದರೆ ಹಾಡು ನಿಂತು ನಿಂತು ಹೇಳುವುದು ಏನನ್ನು? ಹುಲಿಯ ಮುಂದೆ ಆಡಿದ ಮಾತು ಬೇಗ ಮುಗಿಯುತ್ತದೆ. ದೊಡ್ಡಿಗೆ ಮರಳಿದ ಮೇಲೆ ಹಾಡು ನಿಧಾನವಾಗುತ್ತದೆ. ಕರುವಿಗೆ ಕೊನೆಯ ಸಲ ಹಾಲೂಡಿಸಬೇಕು. ನಾನು ಯಾರ ಬಳಿ ಮಲಗಲಿ ಎನ್ನುವ ಅದರ ಪ್ರಶ್ನೆಗೆ ಉತ್ತರ ಹುಡುಕಬೇಕು. ಉಳಿದ ಹಸುಗಳನ್ನು ಅಕ್ಕತಂಗಿಯರೆಂದು ಕರೆದು, ಇದನ್ನು ಒದೆಯಬೇಡಿ, ಹಾಯಬೇಡಿ ಎಂದು ಒಪ್ಪಿಸಬೇಕು. ಕೈಗೂಸನ್ನು ಪಕ್ಕದ ಮನೆಯಲ್ಲಿ ಬಿಟ್ಟು ಕೆಲಸಕ್ಕೆ ಓಡಿದವರಿಗೆ, ಆಪರೇಷನ್ನಿಗೆ ಹೋಗುವ ಮುನ್ನ ಓರಗಿತ್ತಿಯ ಕೈಹಿಡಿದು ಮಕ್ಕಳನ್ನು ಒಪ್ಪಿಸಿದವರಿಗೆ ಈ ಭಾಗವನ್ನು ಬಿಡಿಸಿ ಹೇಳಬೇಕಾಗಿಲ್ಲ. ಸತ್ಯವನ್ನು ಎಲ್ಲರೂ ಹೊಗಳಿದರು. ಸಾಯುವುದಕ್ಕೆ ಹೊರಟವಳು ಮಾಡಿಟ್ಟ ಈ ಏರ್ಪಾಡನ್ನು ಹೊಗಳಿದವರು ಕಡಿಮೆ. ಹಸಿದಿದ್ದೂ ಮನಸ್ಸು ತಿರುಗಿ ಪ್ರಾಣ ಬಿಟ್ಟ ಅರ್ಬುತನೂ ಆ ಹೆಸರಿನ ಹೊರಗೇ ಉಳಿಯುತ್ತಾನೆ.

ಎಸ್.ಎಲ್. ಭೈರಪ್ಪನವರು 1968ರ ಕಾದಂಬರಿಗೆ ಈ ಹಾಡಿನಿಂದಲೇ ಹೆಸರು ತೆಗೆದುಕೊಂಡರು. 1977ರಲ್ಲಿ ಗಿರೀಶ ಕಾರ್ನಾಡ, ಬಿ.ವಿ. ಕಾರಂತರು ಅದನ್ನು ಚಲನಚಿತ್ರ ಮಾಡಿದಾಗಲೂ ಹೆಸರು ಅದೇ ಉಳಿಯಿತು: 'ತಬ್ಬಲಿಯು ನೀನಾದೆ ಮಗನೆ'. ಅವರು ಆರಿಸಿದ್ದು ಹುಲಿಗೆ ಕೊಟ್ಟ ಭಾಷೆಯನ್ನಲ್ಲ, ತಾಯಿ ಕರುವಿಗೆ ಹೇಳಿದ ಮಾತನ್ನು. ಹಾಡಿನ ಕರುಳು ಎಲ್ಲಿದೆಯೆಂದು ಆ ಆಯ್ಕೆಯೇ ತೋರಿಸುತ್ತದೆ.

ಉಳಿದದ್ದು 'ಗೋವಿನ ಹಾಡು'. ಮೊದಲು ನನಗಿದು ಸಪ್ಪೆಯಾಗಿ ಕಂಡಿತ್ತು. ಯೋಚಿಸಿದಷ್ಟೂ ಇಷ್ಟವಾಯಿತು. 'ಗೋವಿನ' ಎಂದರೆ ಗೋವನ್ನು ಕುರಿತದ್ದೂ ಹೌದು, ಗೋವಿಗೆ ಸೇರಿದ್ದೂ ಹೌದು. ಅವಳೇ ಹಾಡಿಕೊಂಡದ್ದು ಎಂದರೂ ತಪ್ಪಲ್ಲ. ಜೊತೆಗೆ ಇದು ಬಾಯಿಂದ ಬಾಯಿಗೆ ಬಂದ ಹಾಡು ಎಂಬುದನ್ನೂ ಹೆಸರೇ ಹೇಳುತ್ತದೆ.

ಇದೇ ಅಚ್ಚಿನ ಇನ್ನೊಂದು ಹೆಸರಿನ ಪಕ್ಕದಲ್ಲಿಟ್ಟು ನೋಡಿ. ಹಲಸಂಗಿಯ ಗೆಳೆಯರು 1931ರಲ್ಲಿ ನಮ್ಮ ಹೆಂಗಸರ ತ್ರಿಪದಿಗಳನ್ನು ಸಂಗ್ರಹಿಸಿ 'ಗರತಿಯ ಹಾಡು' ಎಂದು ಪ್ರಕಟಿಸಿದರು. ಅವರ ಋಣ ದೊಡ್ಡದು. ಆದರೂ ಬೀಸುತ್ತ ಹಾಡಿದವರು ಅದನ್ನು ಬೀಸುವ ಪದ ಎನ್ನುತ್ತಿದ್ದರು, ಕುಟ್ಟುತ್ತ ಹಾಡಿದರೆ ಕುಟ್ಟುವ ಪದ. ಕೆಲಸದಿಂದ ಬಂದ ಹೆಸರುಗಳವು. 'ಗರತಿ' ಎಂಬುದು ಹಾಡುವವಳ ನಡತೆಗೆ ಕೊಟ್ಟ ಸರ್ಟಿಫಿಕೇಟು. ಅದನ್ನು ಗೌರವದಿಂದಲೇ ಕೊಟ್ಟರು, ನಿಜ. ಆ ಸರ್ಟಿಫಿಕೇಟು ಸಿಗದ ಹೆಂಗಸೂ ಜೋಳ ಬೀಸಿರಬೇಕು, ಹಾಡಿರಬೇಕು. 'ಗೋವಿನ ಹಾಡು' ಯಾರ ನಡತೆಯನ್ನೂ ಅಳೆಯುವುದಿಲ್ಲ. ಕೇಳಿ, ಆಮೇಲೆ ನೀವೇ ನಿರ್ಧರಿಸಿ ಎನ್ನುತ್ತದೆ.

"ಹೆಚ್ಚು ಜನ ಪುಣ್ಯಕೋಟಿ ಅಂತಲೇ ಹುಡುಕ್ತಾರೆ" ಎಂದು ಹುಡುಗಿ ವಾದ ಮಾಡಿದಳು. ಹುಡುಕಲಿ. ಅವಳೇ ಹೇಳಿದ ಹಾಗೆ ಆ ಬಾಗಿಲಿನಿಂದಲೂ ಒಳಗೆ ಬರಬಹುದಲ್ಲ! ಮೊದಲ ವಾಕ್ಯದಲ್ಲೇ ಮೂರು ಹೆಸರನ್ನೂ ಹೇಳಿಬಿಟ್ಟರೆ ಬಂದವರು ಯಾರೂ ಮನೆ ತಪ್ಪಿತೆಂದು ತಿರುಗಿ ಹೋಗುವುದಿಲ್ಲ. ಎಣಿಕೆಯ ಮಾತು ಅಲ್ಲಿಗೆ ಮುಗಿಯಿತು. ಹಲಗೆಯ ಮೇಲೆ ಹಾಡನ್ನು ಕೇಳಿಸಿಕೊಂಡು ಇಟ್ಟ ಹೆಸರಿರಲಿ.

ಈ ಹಾಡಿಗಾದರೂ ಮೂರು ಹೆಸರಿವೆ. ನಮ್ಮ ಹಳೆಯ ನೋಟ್‌ಬುಕ್ಕುಗಳಲ್ಲಿರುವ ಹಸೆಯ ಹಾಡು, ಆರತಿ ಹಾಡು, ತೊಟ್ಟಿಲ ಹಾಡುಗಳಿಗೆ ಒಂದೂ ಇಲ್ಲ. ಹೆಸರಿಲ್ಲದ ಹಾಡನ್ನು ನಾಳೆ ಯಾವ ವಿಶ್ವಕೋಶದಲ್ಲಿ, ಯಾರು, ಏನೆಂದು ಹುಡುಕಬೇಕು? ನಿಮ್ಮ ಬಳಿ ಅಂಥ ನೋಟ್‌ಬುಕ್ಕು ಇದ್ದರೆ ಒಂದು ಮಧ್ಯಾಹ್ನ ಬಿಚ್ಚಿ ಕೂರಿ. ಪ್ರತಿ ಹಾಡಿನ ಮೇಲೆ, ಅದನ್ನು ನಿಮಗೆ ಕಲಿಸಿದವರು ಏನೆಂದು ಕರೆಯುತ್ತಿದ್ದರೋ ಅದನ್ನೇ ಬರೆದಿಡಿ.