ಹೆಗಲ ಮೇಲಿನ ನಕ್ಷತ್ರ

ಬಳ್ಳಾರಿ ಕಂಟೋನ್ಮೆಂಟಿನ ಕಾಲದ ಸೇನಾಧಿಕಾರಿಯ ಫೋಟೊ ಎಲ್ಲಾದರೂ ಸಿಕ್ಕರೆ ನೋಡುವವರ ಕಣ್ಣು ಎದೆಯ ಪದಕಗಳಿಗೇ ಹೋಗುತ್ತದೆ. ನಾನು ಭೂತಗನ್ನಡಿ ಹಿಡಿಯುವುದು ಹೆಗಲಿಗೆ. ದರ್ಜೆ ತೋರಿಸುವ ಆ ಪುಟ್ಟ ನಕ್ಷತ್ರ ನಾಲ್ಕು ಮೂಲೆಗೆ ಚಾಚಿದ್ದು, ನಡುವಿನ ವೃತ್ತದಲ್ಲಿ ಮೂರು ಕಿರೀಟಗಳಿದ್ದರೆ, ಅದು ‘ಆರ್ಡರ್ ಆಫ್ ದ ಬಾತ್’ ಎಂಬ ರಾಜಮರ್ಯಾದೆಯ ಪಡಿಯಚ್ಚು.

ಬಾತ್ ನಮ್ಮ ಸೀಮೆಗೆ ಅಪರಿಚಿತವಲ್ಲ. 1800ರಲ್ಲಿ ನಿಜಾಮ ಸಿರುಗುಪ್ಪ, ಕುರುಗೋಡು ಸೇರಿ ಇಡೀ ಬಳ್ಳಾರಿ ಸೀಮೆಯನ್ನು ಕಂಪನಿಗೆ ಬಿಟ್ಟುಕೊಟ್ಟ ಮೇಲೆ ಕಲೆಕ್ಟರಾಗಿ ಬಂದವನು ಥಾಮಸ್ ಮನ್ರೋ. 1807ರವರೆಗೆ ಡೇರೆ ಹಾಕಿಕೊಂಡು ಊರೂರು ತಿರುಗಿ ಹೊಲ ಅಳೆಸಿದ. 1818ರಲ್ಲಿ ಬಾದಾಮಿ, ಬೆಳಗಾವಿ ಕೋಟೆಗಳನ್ನು ಪೇಶ್ವೆಯ ಕಡೆಯವರಿಂದ ಕಿತ್ತುಕೊಂಡ. ಮರುವರ್ಷವೇ ಬಾತ್ ನೈಟ್ ಪದವಿ ಬಂತು. ನನ್ನನ್ನು ಕೇಳಿದರೆ, ಹೊಲ ಅಳೆಸಿದ್ದೇ ದೊಡ್ಡ ಕೆಲಸ.

ಲಂಡನ್ನಿನ ಅರಮನೆ ಕಾಯುವ ಗಾರ್ಡ್ಸ್ ದಳಗಳಿಗೆ ಮಾತ್ರ ಈ ಬಾತ್ ಸಾಲದು! ಗ್ರೆನೇಡಿಯರ್, ಕೋಲ್ಡ್‌ಸ್ಟ್ರೀಮ್, ವೆಲ್ಶ್ ಗಾರ್ಡ್ಸ್ ಅಧಿಕಾರಿಗಳ ಹೆಗಲಿಗೆ ಗಾರ್ಟರ್ ಎಂಬ ಇನ್ನೊಂದು ರಾಜಮರ್ಯಾದೆಯ ನಕ್ಷತ್ರ. ಸ್ಕಾಟ್ಸ್ ಗಾರ್ಡ್ಸ್‌ಗೆ ಥಿಸಲ್. ಐರಿಷ್ ಗಾರ್ಡ್ಸ್‌ಗೆ ಸೇಂಟ್ ಪ್ಯಾಟ್ರಿಕ್. ಈ ಐರಿಷ್ ದಳ ಹುಟ್ಟಿದ್ದು 1900ರಲ್ಲಿ, ಅದು ಧರಿಸುವ ಮರ್ಯಾದೆ 1783ರದು. ಆ ಮರ್ಯಾದೆ ಪಡೆದವರು ಈಗ ಒಬ್ಬರೂ ಉಳಿದಿಲ್ಲ, ನಕ್ಷತ್ರ ಮಾತ್ರ ಹೆಗಲಿನಿಂದ ಇಳಿದಿಲ್ಲ. ಕೆಂಪು ಕೋಟಿನ ಗುಂಡಿಗಳಿಗೂ ಲೆಕ್ಕವಿದೆ. ಗ್ರೆನೇಡಿಯರ್‌ಗೆ ಬಿಡಿಬಿಡಿಯಾಗಿ, ಕೋಲ್ಡ್‌ಸ್ಟ್ರೀಮ್‌ಗೆ ಜೋಡಿಯಾಗಿ, ಸ್ಕಾಟ್ಸ್‌ಗೆ ಮೂರು ಮೂರು, ಐರಿಷ್‌ಗೆ ನಾಲ್ಕು ನಾಲ್ಕು, ವೆಲ್ಶ್‌ಗೆ ಐದೈದು. ಎದೆ ನೋಡಿಯೇ ದಳ ಹೇಳಿಬಿಡಬಹುದು.

ನಮ್ಮಲ್ಲಿ ಗಾರ್ಡ್ಸ್ ಕಟ್ಟಿಸಿದವರು ಕೊಡಗಿನ ಕೆ.ಎಂ. ಕಾರ್ಯಪ್ಪ. ಅವರಿಗೂ 1945ರಲ್ಲಿ ಬ್ರಿಟಿಷ್ ದೊರೆಯ ಒ.ಬಿ.ಇ. ಎಂಬ ಮರ್ಯಾದೆ ಸಂದಿತ್ತು. ಆದರೆ ಮಹಾದಂಡನಾಯಕರಾದ 1949ರಲ್ಲೇ ಪಂಜಾಬ್, ಗ್ರೆನೇಡಿಯರ್ಸ್, ರಜಪುತಾನಾ ರೈಫಲ್ಸ್, ರಜಪೂತ್ ರೆಜಿಮೆಂಟುಗಳ ಹಳೆಯ ಬೆಟಾಲಿಯನ್‌ಗಳನ್ನು ಕೂಡಿಸಿ ‘ಬ್ರಿಗೇಡ್ ಆಫ್ ದ ಗಾರ್ಡ್ಸ್’ ಮಾಡಿದಾಗ ಅವರು ಹೆಸರನ್ನಷ್ಟೇ ಉಳಿಸಿಕೊಂಡರು. ಟೋಪಿಯ ಮೇಲೆ ಗರುಡ ಕೂತ. ಜಾತಿ, ಪ್ರಾಂತ್ಯದ ಲೆಕ್ಕದಲ್ಲಿ ಸಿಪಾಯಿಗಳನ್ನು ಸೇರಿಸಿಕೊಳ್ಳುವ ಹಳೆಯ ಪದ್ಧತಿಗೆ ಅಲ್ಲಿ ಜಾಗವಿರಲಿಲ್ಲ. ಗಣರಾಜ್ಯವಾದ ಮೇಲೆ ಸೇನೆಯಲ್ಲಿ ಕಿರೀಟದ ಜಾಗಕ್ಕೆ ಅಶೋಕನ ಸಿಂಹ, ಬಾತ್ ಜಾಗಕ್ಕೆ ಐದು ಮೂಲೆಯ ನಕ್ಷತ್ರ ಬಂದವು. ಕುಸುರಿಯಲ್ಲಿ ಹಳೆಯದೇ ಚೆಂದ, ಒಪ್ಪುತ್ತೇನೆ. ನಮ್ಮ ಹೆಗಲಿಗೆ ಹೊಂದುವುದು ಈಗಿನದೇ.