ದುಡಿಮೆಯಲ್ಲಿ ಪರೀಕ್ಷಿತವಾದ ನಂಬಿಕೆ: ಬಾಸೆಲ್ ಮಿಶನ್ ಪರಂಪರೆಯ ವಿವೇಚನೆ

ಕ್ರೈಸ್ತ ದೈವಶಾಸ್ತ್ರವು ಗ್ರಂಥಭಂಡಾರವನ್ನು ಬಿಟ್ಟು ಮಗ್ಗದ ಬಳಿಗೂ ಹಂಚಿನ ಆವಿಗೆಯ ಬಳಿಗೂ ಬಂದು ನಿಂತರೆ ಅದರ ಗತಿ ಏನಾದೀತೆಂದು ವಿಚಾರಿಸಬಯಸುವವರಿಗೆ, ಬಾಸೆಲ್ ಮಿಶನ್ನಿನ ಚರಿತ್ರೆಗಿಂತ ಬೋಧಪ್ರದವಾದ ನಿದರ್ಶನವು ಕನ್ನಡ ನಾಡಿನಲ್ಲಿ ದೊರೆಯಲಾರದು. ಆಚರಣೆಗೆ ಇಳಿಯದ ಮತಜ್ಞಾನವು ನಿಷ್ಫಲವೆಂದು ಜರ್ಮನ್ ಬೋಧಕ ಸ್ಪೇನರನು 1675ರಲ್ಲಿ ‘ಪಿಯಾ ದೆಸಿದೇರಿಯಾ’ ಗ್ರಂಥದ ಮೂಲಕ ಸಾರಿದ ಬಳಿಕ, ಅವನ ವಿಚಾರಗಳಿಂದ ಬೆಳೆದ ಭಕ್ತಿಪಂಥವು (ಪಯಟಿಸಂ) ವ್ಯೂರ್ಟೆಂಬರ್ಗ್ ಸೀಮೆಯ ರೈತರ, ಕುಶಲಕರ್ಮಿಗಳ ಮನೆಗಳಲ್ಲಿ ಬೇರೂರಿತು. 1815ರಲ್ಲಿ ಸ್ಥಾಪಿತವಾದ ಮಿಶನ್ನು ತನ್ನ ಬೋಧಕರಲ್ಲಿ ಅನೇಕರನ್ನು ಅಂಥ ಮನೆಗಳಿಂದಲೇ ಆರಿಸಿಕೊಂಡಿತು. 1834ರಲ್ಲಿ ಮಂಗಳೂರಿಗೆ ಬಂದ ಹೆಬಿಕ್ ಮೊದಲಾದವರು ಪ್ರಾರ್ಥನೆಯನ್ನೂ ದುಡಿಮೆಯನ್ನೂ ಒಂದೇ ಬಾಳಿನ ಅಂಗಗಳೆಂದು ಬಗೆದವರು.

ಈ ತತ್ತ್ವವು ತುಳುನಾಡಿನಲ್ಲಿ ಕಠಿನವಾದ ಪರೀಕ್ಷೆಗೆ ಗುರಿಯಾಯಿತು. ದೀಕ್ಷಾಸ್ನಾನ ಹೊಂದಿದವನಿಗೆ ಕುಲದವರ ಆಸರೆ ತಪ್ಪುತ್ತಿತ್ತು. ಅವನು ಬಿಲ್ಲವನಾಗಿದ್ದರೆ, ಕಳ್ಳು ಇಳಿಸುವುದು ಪಾಪವೃತ್ತಿಯೆಂದು ನಂಬಿದ್ದ ಬೋಧಕರೇ ಅವನ ಕುಲಕಸುಬನ್ನೂ ಬಿಡಿಸುತ್ತಿದ್ದರು. ಆತ್ಮದ ರಕ್ಷಣೆಯನ್ನು ಬೋಧಿಸಿ, ಹೊಟ್ಟೆಯ ಹಸಿವನ್ನು ದೇವರ ಪಾಲಿಗೆ ಬಿಟ್ಟು ಕೈತೊಳೆದುಕೊಳ್ಳುವಷ್ಟು ಅಗ್ಗವಾದ ಭಕ್ತಿ ಅವರದಾಗಿರಲಿಲ್ಲವೆಂಬುದನ್ನು ಅವರ ಕಟುವಿಮರ್ಶಕರೂ ಒಪ್ಪಲೇಬೇಕು. ಬೇಸಾಯದ ಪ್ರಯತ್ನಗಳು ಕೈಗೂಡದಿರಲು ನೇಯ್ಗೆಗೆ ತೊಡಗಿದರು; 1865ರಲ್ಲಿ ಮಿಶನ್ನಿನ ಪ್ಲೆಬ್‌ಸ್ಟನು ಮಂಗಳೂರಿನ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆಯನ್ನು ತೆರೆದನು.

ಆದರೆ ಈ ವ್ಯವಸ್ಥೆಯ ಒಡಲಲ್ಲಿಯೇ ಅದರ ದೋಷವೂ ಅಡಗಿತ್ತು. ದೇವರ ವಾಕ್ಯವನ್ನು ಬೋಧಿಸುವ, ಕೂಲಿಯನ್ನು ಕೊಡುವ, ತಪ್ಪಿದವನನ್ನು ಸಭೆಯಿಂದ ಹೊರಗಿಡುವ ಅಧಿಕಾರಗಳೆಲ್ಲ ಒಂದೇ ಸಂಸ್ಥೆಯ ಕೈಯಲ್ಲಿ ಕೂಡಿಕೊಂಡಾಗ, ಕಾರ್ಮಿಕನ ವಿಧೇಯತೆ ಯಾವುದು, ವಿಶ್ವಾಸಿಯ ಭಕ್ತಿ ಯಾವುದು ಎಂಬುದನ್ನು ಸ್ವತಃ ಅವನೂ ಬೇರ್ಪಡಿಸಿ ಅರಿಯಲಾರದೆ ಹೋದನು. ದುಡಿಮೆಯ ಘನತೆಯನ್ನು ಸಾರಿದ ದೈವಶಾಸ್ತ್ರವು ದುಡಿಯುವವನ ಹಕ್ಕಿನ ವಿಷಯದಲ್ಲಿ ಮಾತು ಸೋತಿತು. ಮೊದಲನೆಯ ಮಹಾಯುದ್ಧದಲ್ಲಿ ಜರ್ಮನ್ ಬೋಧಕರು ಬಂಧಿತರಾಗಿ, ಕಾರ್ಖಾನೆಗಳು ಕಾಮನ್‌ವೆಲ್ತ್ ಟ್ರಸ್ಟಿನ ಪಾಲಾದಾಗ, ಮಿಶನ್ನಿನ ಅನ್ನವನ್ನೇ ನೆಚ್ಚಿದ್ದ ಸಭೆಗಳು ನಡುನೀರಿನಲ್ಲಿ ನಿಲ್ಲಬೇಕಾಯಿತು.

ಭಾಷಾಸೇವೆಯಲ್ಲಿ ಈ ಪಂಥವು ಇದಕ್ಕಿಂತ ಆಳಕ್ಕೆ ಇಳಿಯಿತೆಂದು ನನ್ನ ಮತ. 1843ರಲ್ಲಿ ‘ಮಂಗಳೂರ ಸಮಾಚಾರ’ವನ್ನು ಹೊರಡಿಸಿದ ಮೋಗ್ಲಿಂಗನೂ, 1894ರಲ್ಲಿ ಕನ್ನಡ-ಇಂಗ್ಲಿಷ್ ನಿಘಂಟನ್ನು ಪ್ರಕಟಿಸಿದ ಕಿಟ್ಟೆಲನೂ ಮತಪ್ರಚಾರದ ಉದ್ದೇಶದಿಂದಲೇ ಕನ್ನಡವನ್ನು ಕಲಿತವರೆಂಬುದು ದಿಟ, ಆದರೆ ಕಾರ್ಖಾನೆಯಲ್ಲಿ ಯಜಮಾನನಾಗಿದ್ದ ಬೋಧಕನು ಇಲ್ಲಿ ಪಂಡಿತರ ಮುಂದೆಯೂ ಹಳ್ಳಿಗರ ಮುಂದೆಯೂ ಶಿಷ್ಯನಾಗಿ ಕೂರಬೇಕಾಯಿತು. ಕೇಳದೆ ಕಲಿಯುವುದಕ್ಕೆ ಬಾರದ ಈ ವಿದ್ಯೆಯು, ಧರ್ಮೋಪದೇಶಗಳು ಕಲಿಸಲಾರದ ವಿನಯವನ್ನು ಅವರಿಗೆ ಕಲಿಸಿತು.

ಆ ವಿನಯದ ಪರಿಪಾಕವನ್ನು ಕಾಣಬೇಕಾದರೆ ಇದೇ ಪರಂಪರೆಯ ರೆವರೆಂಡ್ ಉತ್ತಂಗಿ ಚನ್ನಪ್ಪನವರ ಬಳಿಗೆ ಬರಬೇಕು. ಸಭಾಪಾಲಕರಾಗಿದ್ದುಕೊಂಡೇ ಊರೂರು ಅಲೆದು ಸರ್ವಜ್ಞನ ವಚನಗಳನ್ನು ಕಲೆಹಾಕಿ 1924ರಲ್ಲಿ ಪ್ರಕಟಿಸಿದ ಈ ಮಹನೀಯರು, 1949ರ ಕಲಬುರ್ಗಿಯ ಸಾಹಿತ್ಯ ಸಮ್ಮೇಳನಕ್ಕೆ ಅಧ್ಯಕ್ಷರಾದರು. ಇವರ ಸಾಹಿತ್ಯಕಾರ್ಯವನ್ನು ಸಭಾಸೇವೆಯ ಹೊರಗಿನ ವ್ಯಾಸಂಗವೆಂದು ಎಣಿಸುವವರೊಡನೆ ನಾನು ಸಮ್ಮತಿಸಲಾರೆ. ಭಿಕ್ಷುಕನ ಬಾಯಲ್ಲಿಯೂ ಒಕ್ಕಲಿಗನ ಬಾಯಲ್ಲಿಯೂ ನಲಿಯುತ್ತಿದ್ದ ತ್ರಿಪದಿಯಲ್ಲಿ ಸತ್ಯದ ದನಿಯನ್ನು ಕೇಳಬಲ್ಲ ಪಾದ್ರಿಯು, ತನ್ನ ಸುವಾರ್ತೆಯನ್ನು ಕೈಬಿಟ್ಟವನಲ್ಲ, ಅದನ್ನು ನೆರೆಹೊರೆಯವರ ನಡುವೆ ಬಾಳಿ ತೋರಿಸಿದವನು. ಮಂಗಳೂರಿನ ದೈವಶಾಸ್ತ್ರಶಾಲೆಯಲ್ಲಿ ಬೋಧಿಸಿ, ಮುಂದೆ ಜಿನೀವಾದಲ್ಲಿ ವಿಶ್ವಸಭಾಮಂಡಲಿಯ ಅಂತರ್ಧರ್ಮಸಂವಾದದ ಕಾರ್ಯವನ್ನು ನಡೆಸಿದ ಸ್ಟ್ಯಾನ್ಲಿ ಸಮರ್ಥರು ಪಾಂಡಿತ್ಯದಿಂದ ಪ್ರತಿಪಾದಿಸಿದ ಮಾರ್ಗದಲ್ಲಿ, ಉತ್ತಂಗಿಯವರು ಅದಕ್ಕೆ ಎಷ್ಟೋ ಮುಂಚೆ, ಯಾವ ಸಿದ್ಧಾಂತದ ಹೆಸರನ್ನೂ ಹೇಳದೆ, ಉತ್ತರ ಕರ್ನಾಟಕದ ಹಳ್ಳಿಗಳಲ್ಲಿ ಕಾಲ್ನಡಿಗೆಯಲ್ಲಿಯೇ ನಡೆದಿದ್ದರು.