ಹಿಮದ ಗೊಂಬೆಗೆ ಯಾರ ಪ್ರಭಾವಳಿ?

ಸಿಯಾಟಲ್‌ನ ಚಳಿಗಾಲದಲ್ಲಿ ಸಂಜೆ ನಾಲ್ಕೂವರೆಗೆಲ್ಲ ಕತ್ತಲಾಗುತ್ತದೆ. ಅಂಥ ಶನಿವಾರಗಳಲ್ಲಿ ನಮ್ಮ ಮನೆಯ ಊಟದ ಮೇಜು ಊಟಕ್ಕೆ ಸಿಗುವುದಿಲ್ಲ. ಹೈಸ್ಕೂಲಿನಲ್ಲಿರುವ ಮಗಳೂ ಅವಳ ನಾಲ್ವರು ಗೆಳೆಯರೂ ಅದರ ಸುತ್ತ ಕೂತು ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ ಆಡುತ್ತಾರೆ. ಇಪ್ಪತ್ತು ಮುಖದ ದಾಳ, ಪೆನ್ಸಿಲ್ಲು, ನಿಯಮಗಳ ದಪ್ಪ ಪುಸ್ತಕ, ನಾನು ಒದಗಿಸುವ ಚಕ್ಕುಲಿ. ಇಷ್ಟಿದ್ದರೆ ಅವರಿಗೊಂದು ಲೋಕ.

ಒಂದು ಶನಿವಾರ ಆಟ ಅರ್ಧ ಗಂಟೆ ನಿಂತುಹೋಯಿತು. ಮಗಳ ಪಾತ್ರ ಪ್ಯಾಲಡಿನ್. ಎಂದರೆ ಒಂದು ಪ್ರತಿಜ್ಞೆಗೆ ಕಟ್ಟುಬಿದ್ದ ವೀರಯೋಧೆ. ಆರನೇ ಹಂತ ಮುಟ್ಟಿದ ಪ್ಯಾಲಡಿನ್ನಿನ ಸುತ್ತ ಹತ್ತು ಅಡಿಯವರೆಗೆ ಒಂದು ರಕ್ಷಣೆಯ ‘ಔರಾ’ ಇರುತ್ತದೆ. ಆಕೆಗೆ ಎಚ್ಚರ ಇರುವವರೆಗೆ ಪಕ್ಕದ ಗೆಳೆಯರನ್ನೂ ಅದು ಕಾಯುತ್ತದೆ. ಗೆಳೆಯನೊಬ್ಬನ ಮಾಂತ್ರಿಕ ಪಾತ್ರ ಹನ್ನೆರಡು ಗಂಟೆ ಮಂತ್ರ ಹಾಕಿ, ಹಿಮ ಮತ್ತು ಮಾಣಿಕ್ಯದ ಪುಡಿಯಿಂದ ಅವಳದೇ ಪ್ರತಿರೂಪ ಮಾಡಿ ಕೋಟೆಯ ಇನ್ನೊಂದು ಬಾಗಿಲಿಗೆ ನಿಲ್ಲಿಸಿದ. ಈ ಮಂತ್ರದ ಹೆಸರು ಸಿಮ್ಯುಲೇಕ್ರಮ್. ಪ್ರಶ್ನೆ ಇಷ್ಟೇ: ಆ ಹಿಮದ ಗೊಂಬೆಯ ಸುತ್ತಲೂ ಔರಾ ಇದೆಯೇ? ಪ್ರಾಣ ಅರ್ಧ, ಮಿಕ್ಕ ಶಕ್ತಿಗಳೆಲ್ಲ ಮೂಲದವೇ ಎನ್ನುತ್ತದೆ ಪುಸ್ತಕ. ಆಟ ನಡೆಸುವ ಹುಡುಗ ‘ಇದೆ’ ಎಂದ. ಮಗಳು ಒಪ್ಪಲಿಲ್ಲ. ನನ್ನ ಕಡೆ ತಿರುಗಿ, “ಅಪ್ಪ, ಪ್ರತಿಜ್ಞೆ ಮಾಡಿದ್ದು ನಾನು. ಹಿಮಕ್ಕೆ ಅದು ಹೇಗೆ ಬರತ್ತೆ?” ಎಂದಳು.

ನನಗೆ ಉತ್ತರ ಗೊತ್ತಿರಲಿಲ್ಲ. ಆದರೆ ಪ್ರಶ್ನೆ ಮಕ್ಕಳಾಟದ್ದಲ್ಲ ಅನ್ನಿಸಿತು. ಈ ಆಟವನ್ನು ಈಗ ಪ್ರಕಟಿಸುವ ಸಂಸ್ಥೆ ಇರುವುದು ನಮ್ಮಿಂದ ಅರ್ಧ ಗಂಟೆ ದೂರದ ರೆಂಟನ್ನಿನಲ್ಲಿ. ಇಷ್ಟು ವರ್ಷ ಆ ಪುಸ್ತಕಗಳನ್ನು ತೆಗೆದು ಓದಿರಲಿಲ್ಲ. ಆ ರಾತ್ರಿ ಓದಿದೆ.

ಆತ್ಮದ ನಕಲು ಸಾಧ್ಯವೇ ಎಂಬುದಕ್ಕೆ ಈ ಆಟ ಎರಡು ಕಾಲದಲ್ಲಿ ಎರಡು ಉತ್ತರ ಕೊಟ್ಟಿದೆ. 1978ರ ಆಟಗಾರರ ಕೈಪಿಡಿಯಲ್ಲಿ ಗ್ಯಾರಿ ಗೈಗ್ಯಾಕ್ಸ್ ಬರೆದ ‘ಕ್ಲೋನ್’ ಮಂತ್ರ ಭಯಂಕರವಾದದ್ದು. ಅಲ್ಲಿ ನಕಲಿಗೆ ನೆನಪೂ ಇದೆ, ಅನುಭವವೂ ಇದೆ. ಅದು ಆ ವ್ಯಕ್ತಿಯೇ. ಹಾಗಾಗಿ ಇಬ್ಬರೂ ಬದುಕಿದ್ದರೆ ಒಬ್ಬರಿರುವುದು ಇನ್ನೊಬ್ಬರಿಗೆ ಗೊತ್ತಾಗುತ್ತದೆ, ಅದನ್ನು ಇಬ್ಬರೂ ಸಹಿಸಲಾರರು. ಒಬ್ಬರನ್ನೊಬ್ಬರು ಕೊಲ್ಲಲು ಹೊರಡುತ್ತಾರೆ, ಇಲ್ಲವೇ ಹುಚ್ಚು ಹಿಡಿಯುತ್ತದೆ. 2000ದ ಮೂರನೇ ಆವೃತ್ತಿಯ ಹೊತ್ತಿಗೆ ಈ ಭಯವನ್ನು ತೆಗೆದುಹಾಕಿದರು. ಈಗಿನ ನಿಯಮದಲ್ಲಿ ಒಂದು ಘನ ಅಂಗುಲ ಮಾಂಸದಿಂದ 120 ದಿನಗಳಲ್ಲಿ ಬೆಳೆಯುವ ದೇಹಕ್ಕೆ ಉಸಿರಿಲ್ಲ, ಅದು ಕಾಯುತ್ತಾ ಬಿದ್ದಿರುತ್ತದೆ. ಮೂಲದವನು ಸತ್ತರೆ, ಅವನ ಆತ್ಮ ಬಂಧನದಲ್ಲಿಲ್ಲದಿದ್ದರೆ, ಮರಳಲು ಒಪ್ಪಿದರೆ, ಈ ದೇಹಕ್ಕೆ ಬರುತ್ತದೆ. ಹಳೆಯ ದೇಹವನ್ನು ಆಮೇಲೆ ಯಾರೂ ಬದುಕಿಸಲಾರರು, ಆತ್ಮ ಅಲ್ಲಿಲ್ಲವಲ್ಲ. ನಮ್ಮವರ ಮಾತಿನಲ್ಲಿ ಹೇಳುವುದಾದರೆ ಇದು ನಕಲಲ್ಲ, ಪರಕಾಯ ಪ್ರವೇಶ. ದೇಹ ಎರಡಾಗಬಹುದು, ಆತ್ಮ ಒಂದೇ.

ಲೆಕ್ಕ ಸರಿಹೋಯಿತು, ಆದರೆ ಕಥೆ ಬಡವಾಯಿತು. ಎಡ್ ಗ್ರೀನ್‌ವುಡ್ ಕಟ್ಟಿದ ‘ಫರ್ಗಾಟನ್ ರೆಲ್ಮ್ಸ್’ ಲೋಕದಲ್ಲಿ ಮ್ಯಾನ್‌ಶೂನ್ ಎಂಬ ದುಷ್ಟ ಮಾಂತ್ರಿಕನಿದ್ದಾನೆ. ಸಾವಿಗೆ ಹೆದರಿ ತನ್ನ ನಕಲುಗಳನ್ನು ಅಲ್ಲಲ್ಲಿ ಬಚ್ಚಿಟ್ಟಿದ್ದ. ಅವನು ಸತ್ತಾಗ ಒಂದು ಏಳುವ ಬದಲು ಅನೇಕ ಎದ್ದವು. ತಾನೇ ನಿಜವಾದವನು ಎಂದು ಪ್ರತಿಯೊಬ್ಬನೂ ಉಳಿದವರನ್ನು ಬೇಟೆಯಾಡಿದ. 2018ರ ‘ವಾಟರ್‌ಡೀಪ್: ಡ್ರ್ಯಾಗನ್ ಹೈಸ್ಟ್’ನಲ್ಲೂ ಅಂಥ ಒಬ್ಬ ಮ್ಯಾನ್‌ಶೂನ್ ಬರುತ್ತಾನೆ. ಈ ಕಥೆ ಹುಟ್ಟಿದ್ದು ಹಳೆಯ ನಿಯಮದ ಭಯದಿಂದ. ಹೊಸ ನಿಯಮದ ಮಣ್ಣಿನಲ್ಲಿ ಇದು ಮೊಳೆಯಲಾರದು.

ಇನ್ನು ಔರಾ. ಇದಕ್ಕೆ ಕನ್ನಡದಲ್ಲಿ ‘ಪ್ರಭಾವಳಿ’ ಎಂದರೆ ಚೆನ್ನಾಗಿ ಒಪ್ಪುತ್ತದೆ. ದೇವರ ವಿಗ್ರಹದ ಹಿಂದಿನ ಪ್ರಭಾವಳಿಯನ್ನು ಅಕ್ಕಸಾಲಿ ಬೇರೆಯಾಗಿಯೇ ಮಾಡುತ್ತಾನೆ, ಅಳತೆ ಹೊಂದಿದರೆ ಇನ್ನೊಂದು ಮೂರ್ತಿಯ ಹಿಂದೆಯೂ ಇಡಬಹುದು. ಆಟವೂ ಹಾಗೆಯೇ ಎಣಿಸಿದೆ. ‘ನಿಸ್ಟಲ್‌ನ ಮ್ಯಾಜಿಕ್ ಔರಾ’ ಎಂಬ ಸಣ್ಣ ಮಂತ್ರದಿಂದ ಯಾವುದೇ ವಸ್ತುವಿಗೆ ಸುಳ್ಳು ಪ್ರಭೆ ಹಚ್ಚಬಹುದು. 30 ದಿನ ಬಿಡದೆ ಹಚ್ಚಿದರೆ, ಯಾರಾದರೂ ಮಂತ್ರದಿಂದ ಅಳಿಸುವವರೆಗೆ ಅದು ಅಲ್ಲೇ ನಿಲ್ಲುತ್ತದೆ. ಪ್ರಭೆ ನಕಲಾಗುತ್ತದೆ, ಆತ್ಮ ಆಗುವುದಿಲ್ಲ. ನಿಯಮಗಳ ಒಟ್ಟು ಸಾರ ಇದು.

ಆದರೆ ಪ್ಯಾಲಡಿನ್ನಿನ ಪ್ರಭೆ ಹಚ್ಚಿದ್ದಲ್ಲ, ಮಾತು ಕೊಟ್ಟು ಪಡೆದದ್ದು. ಅದನ್ನೂ ಅಂಕಿಯಂತೆ ಗೊಂಬೆಯ ಹಾಳೆಗೆ ನಕಲಿಸಿದರೆ ಪ್ರತಿಜ್ಞೆ ಎಂಬುದು ತೋಳಬಲದ ಹಾಗೆ ಇನ್ನೊಂದು ಅಂಕಿ ಆಗಿಬಿಡುತ್ತದೆ. ಮಗಳ ತಕರಾರಿನಲ್ಲಿ ಹುರುಳಿದೆ. ನನ್ನ ತಕರಾರು ಇನ್ನೊಂದು. ಸಿಮ್ಯುಲೇಕ್ರಮ್ ಏನನ್ನೂ ಕಲಿಯಲಾರದು, ಹೆಚ್ಚು ಬಲಶಾಲಿಯಾಗಲಾರದು ಎಂದು ನಿಯಮ ಹೇಳುತ್ತದೆ. ಪ್ರಾಣ ಮುಗಿದಾಗ ಹಿಮವಾಗಿ ಕರಗಬೇಕು. ಆಟದ ಸಮತೂಕಕ್ಕೆ ಇದು ಬೇಕಿರಬಹುದು. ಆದರೆ ನಕಲಿಗೆ ಮೂಲದ ಆತ್ಮ ಬರುತ್ತದೆಯೇ ಎಂದಷ್ಟೇ ಕೇಳಿ, ಅದಕ್ಕೆ ತನ್ನದೇ ಆದದ್ದೊಂದು ಹುಟ್ಟೀತೇ ಎಂದು ಕೇಳುವ ದಾರಿಯನ್ನೇ ಆಟ ಮುಚ್ಚಿಬಿಟ್ಟಿದೆ.

ನಮ್ಮ ಪುರಾಣ ಇಲ್ಲಿ ಧಾರಾಳಿ. ಸೂರ್ಯನ ತೇಜಸ್ಸು ತಾಳಲಾರದೆ ಸಂಜ್ಞೆ ತನ್ನ ನೆರಳು ಛಾಯೆಯನ್ನು ಮನೆಯಲ್ಲಿ ನಿಲ್ಲಿಸಿ ಹೊರಟುಹೋದಳು. ರೂಪ, ದನಿ ಎಲ್ಲ ಒಂದೇ. ಸೂರ್ಯನಿಗೇ ಗೊತ್ತಾಗಲಿಲ್ಲ. ಗುಟ್ಟು ಹೊರಬಿದ್ದದ್ದು ಅವಳು ಯಮನಿಗೆ ಶಾಪ ಕೊಟ್ಟಾಗ. ಹೆತ್ತ ತಾಯಿ ಮಗನನ್ನು ಹೀಗೆ ಶಪಿಸುವಳೇ ಎಂಬ ಅನುಮಾನದಿಂದ. ಅಂದರೆ ನಕಲು ಮಾಡಲಾಗದ್ದು ಒಂದು ಇತ್ತು. ಆದರೆ ಛಾಯೆ ಕರಗಿಹೋಗಲಿಲ್ಲ. ಅವಳಿಗೂ ಮಕ್ಕಳಾದವು. ಶನಿ ಅವಳ ಮಗ. ಅವಳು ಯಮನ ಮೇಲೆ ಮುನಿದದ್ದೂ ತನ್ನ ಮಕ್ಕಳ ಮೇಲಿನ ಮಮತೆಯಿಂದಲೇ. ಆ ಮಮತೆ ಸಂಜ್ಞೆಯಿಂದ ಬಂದ ನಕಲಲ್ಲ, ನೆರಳಿನ ಸ್ವಂತದ್ದು.

ದೇಶ ಬಿಟ್ಟು ಬಂದ ನಮ್ಮಂಥವರೆಲ್ಲ ಸಂಜ್ಞೆಯ ಕಡೆಯವರು. ಭಾನುವಾರದ ವಿಡಿಯೋ ಕರೆಯಲ್ಲಿ ನಮ್ಮದೊಂದು ಛಾಯೆಯನ್ನು ಊರಿನ ಮನೆಯ ಹಜಾರದಲ್ಲಿ ನಿಲ್ಲಿಸುತ್ತೇವೆ. ಅದರ ಪ್ರಭೆ ಎಷ್ಟು ಅಡಿ ದೂರ ಹೋಗುತ್ತದೆಂದು ನನಗೆ ತಿಳಿಯದು. ಜ್ವರದಲ್ಲಿದ್ದ ನನ್ನ ಅಮ್ಮ ಒಮ್ಮೆ ಫೋನಿನ ಪರದೆಯನ್ನು ಸೆರಗಿನಿಂದ ಒರೆಸಿ, “ಊಟ ಆಯ್ತೇನೋ?” ಎಂದರು. ನೀರು ತಂದುಕೊಟ್ಟದ್ದು ಪಕ್ಕದ ಮನೆಯವರು.

ಮುಂದಿನ ಶನಿವಾರ ಮಗಳು ಬೇರೆ ಉಪಾಯ ಹೂಡಿದಳು. “ಗೊಂಬೆ ತನ್ನದೇ ಪ್ರತಿಜ್ಞೆ ಮಾಡಲಿ, ಆಮೇಲೆ ಔರಾ ಇರಲಿ” ಎಂದಳು. ಆಟ ನಡೆಸುವವನು ಪುಸ್ತಕ ತಿರುವಿದ. ಗೊಂಬೆ ಕಲಿಯಲಾರದು ಎಂಬ ಸಾಲು ಅಲ್ಲೇ ಇತ್ತು. ನಿಯಮ ಬದಲಿಸುವ ಅಧಿಕಾರವನ್ನೂ ಆಟ ಅವನಿಗೇ ಕೊಟ್ಟಿದೆ. ಸ್ವಲ್ಪ ಹೊತ್ತು ಚಕ್ಕುಲಿ ಮುರಿಯುತ್ತಾ ಕೂತ. ಆಮೇಲೆ ಪುಸ್ತಕ ಮುಚ್ಚಿ, ದಾಳವನ್ನು ಅವಳ ಕಡೆ ತಳ್ಳಿ, “ಗೊಂಬೆ ಏನೆಂದು ಪ್ರತಿಜ್ಞೆ ಮಾಡುತ್ತದೆ, ಹೇಳು” ಎಂದ.